ಹಲ್ಲಿನ ಸಿಬಿಸಿಟಿ ಸ್ಕ್ಯಾನ್: ಯಾವಾಗ ಬೇಕು, ಯಾವಾಗ ಬೇಡ

ಹಲ್ಲಿನ ಎಕ್ಸ್-ರೇ ತೆಗೆಸಿಕೊಂಡವರು ಕೈ ಎತ್ತಿ ಅಂದಾಗ ಹೆಚ್ಚುಕಡಿಮೆ ಎಲ್ಲರೂ ಎತ್ತಿದಿರಿ. 'ಸಿಬಿಸಿಟಿ ಮಾಡಿಸಿಕೊಂಡು ಬನ್ನಿ' ಅಂತ ಡಾಕ್ಟರು ಚೀಟಿ ಬರೆದುಕೊಟ್ಟವರು ಯಾರು ಅಂದಾಗ ಕೆಲವು ಕೈ ಉಳಿದವು. ಸಿಬಿಸಿಟಿ ಅಂದರೆ ಹಲ್ಲು ಮತ್ತು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್-ರೇ ಸ್ಕ್ಯಾನ್. ಆ ಚೀಟಿಯಲ್ಲಿ ಯಾಕೆ ಅಂತ ಬರೆದಿತ್ತಾ ಅಂದಾಗ ಒಂದೆರಡೇ ಉಳಿದವು.

ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಕೊನೆಯ ಪ್ರಶ್ನೆಯ ಬಗ್ಗೆ. ಹಲ್ಲು ಮತ್ತು ದವಡೆಯ ಸ್ಕ್ಯಾನ್‌ಗಳನ್ನು ಓದಿ ವರದಿ ಬರೆಯುವುದು ನನ್ನ ಕೆಲಸ. 'ಎಡಗಡೆ ಕೆಳಗಿನ ಬುದ್ಧಿ ಹಲ್ಲು, ಬೇರು ನರಕ್ಕೆ ತಾಗಿದೆಯಾ ನೋಡಿ' ಅಂತ ಚೀಟಿಯಲ್ಲಿ ಇದ್ದರೆ ಎಷ್ಟು ಜಾಗ ಸ್ಕ್ಯಾನ್ ಮಾಡಬೇಕು, ಎಷ್ಟು ಸೂಕ್ಷ್ಮವಾಗಿ ಮಾಡಬೇಕು ಅಂತ ತಕ್ಷಣ ಗೊತ್ತಾಗುತ್ತದೆ. ಬರೀ 'ಸಿಬಿಸಿಟಿ, ಎರಡೂ ದವಡೆ' ಅಂತ ಇದ್ದರೆ ನಾನು ಆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಏನು ನೋಡಬೇಕು ಅಂತ ಕೇಳುತ್ತೇನೆ. ಮಾತಾಡಿದ ಮೇಲೆ ಎಷ್ಟೋ ಸಲ ಎರಡು ದವಡೆಯ ಸ್ಕ್ಯಾನ್ ಹೋಗಿ ಎರಡು ಹಲ್ಲಿನಷ್ಟು ಜಾಗದ ಸ್ಕ್ಯಾನ್ ಆಗುತ್ತದೆ. ಕೆಲವೊಮ್ಮೆ ಸ್ಕ್ಯಾನೇ ಬೇಡ ಅಂತ ಇಬ್ಬರಿಗೂ ಅನ್ನಿಸುತ್ತದೆ.

ಮೊದಲು ಮಾಮೂಲಿ ಎಕ್ಸ್-ರೇ ಬಗ್ಗೆ ಹೇಳುತ್ತೇನೆ. ಅದು ಒಂದು ನೆರಳು. ದೀಪದ ಮುಂದೆ ಎರಡು ಕೈಗಳನ್ನು ಒಂದರ ಹಿಂದೆ ಒಂದು ಹಿಡಿದರೆ ಗೋಡೆಯ ಮೇಲೆ ಒಂದೇ ನೆರಳು ಬೀಳುತ್ತದೆ, ಅಲ್ವಾ? ಯಾವ ಕೈ ಮುಂದೆ, ಯಾವುದು ಹಿಂದೆ, ನಡುವೆ ಎಷ್ಟು ಅಂತರ ಅಂತ ನೆರಳು ಹೇಳುವುದಿಲ್ಲ. ಹಲ್ಲಿನ ಎಕ್ಸ್-ರೇಯಲ್ಲೂ ಕೆನ್ನೆ ಕಡೆಯ ಬೇರು, ನಾಲಿಗೆ ಕಡೆಯ ಬೇರು, ಮುಂದಿನ ಮೂಳೆ, ಹಿಂದಿನ ಮೂಳೆ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ.

ಆದರೂ ಆ ನೆರಳು ನಮ್ಮ ವೃತ್ತಿಗೆ ಕೊಟ್ಟಿದ್ದು ಸಣ್ಣದಲ್ಲ. ಭೌತವಿಜ್ಞಾನಿ ರಾಂಟ್‌ಜೆನ್ ಎಕ್ಸ್-ಕಿರಣ ಕಂಡುಹಿಡಿದಿದ್ದು 1895ರ ನವೆಂಬರ್‌ನಲ್ಲಿ. 1896ರ ಜನವರಿಯಲ್ಲೇ ಜರ್ಮನಿಯ ಬ್ರೌನ್‌ಶ್ವೈಗ್‌ನ ದಂತವೈದ್ಯ ಓಟ್ಟೊ ವಾಲ್ಕಾಫ್ ತನ್ನ ಹಲ್ಲಿನ ಎಕ್ಸ್-ರೇ ತೆಗೆದುಕೊಂಡ. ಫೋಟೋದ ಗಾಜಿನ ಪ್ಲೇಟನ್ನು ಬಾಯಲ್ಲಿಟ್ಟುಕೊಂಡು 25 ನಿಮಿಷ ಅಲ್ಲಾಡದೆ ಮಲಗಿದ್ದ. ಇವತ್ತು ಅದೇ ಚಿತ್ರಕ್ಕೆ ಒಂದು ಸೆಕೆಂಡೂ ಬೇಕಾಗಿಲ್ಲ. ಕಿರಣದ ಅಪಾಯ ಆಗ ಯಾರಿಗೂ ಗೊತ್ತಿರಲಿಲ್ಲ. ಆ ಕಾಲದ ಅನೇಕ ಡಾಕ್ಟರುಗಳು ಫಿಲ್ಮನ್ನು ರೋಗಿಯ ಬಾಯಲ್ಲಿ ತಮ್ಮ ಕೈಯಿಂದಲೇ ಹಿಡಿದು ಬೆರಳು ಕಳೆದುಕೊಂಡರು. ಕಿರಣ ಎಷ್ಟು ಬಿತ್ತು ಅಂತ ಇವತ್ತು ನಾವು ಲೆಕ್ಕ ಇಡುವುದರ ಹಿಂದೆ ಅವರ ನೋವಿದೆ. ಅದಕ್ಕೇ ಇದನ್ನು ಹೇಳಿದೆ.

ನೆರಳು ಎಲ್ಲಿ ಕೈಕೊಡುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. 1961ರಲ್ಲಿ ಅಮೆರಿಕದ ಬೆಂಡರ್ ಮತ್ತು ಸೆಲ್ಟ್ಜರ್ ಸತ್ತವರ ದವಡೆಮೂಳೆ ತೆಗೆದುಕೊಂಡು, ಒಳಗಿನ ಜಾಲರಿಯಂಥ ಮೆತ್ತನೆ ಮೂಳೆಯಲ್ಲಿ ಬೇಕಂತಲೇ ತೂತು ಮಾಡಿ ಎಕ್ಸ್-ರೇ ತೆಗೆದರು. ತೂತು ಕಾಣಲಿಲ್ಲ. ಹೊರಗಿನ ಗಟ್ಟಿ ಪದರವನ್ನು ಕೊರೆದ ಮೇಲೆಯೇ ಕಪ್ಪು ಮಚ್ಚೆ ಕಂಡಿತು. ಇದರ ಅರ್ಥ ಏನು? ಹಲ್ಲಿನ ಬೇರಿನ ತುದಿಯಲ್ಲಿ ಕೀವಾಗಿ ಒಳಗಿನ ಮೂಳೆ ಕರಗಿದ್ದರೂ ಎಕ್ಸ್-ರೇ ಚೆನ್ನಾಗಿಯೇ ಕಾಣಬಹುದು. ರೋಗಿ ನೋವು ಅನ್ನುತ್ತಾರೆ, ಚಿತ್ರದಲ್ಲಿ ಏನೂ ಇಲ್ಲ. ಆಗ ರೋಗಿಯ ಮಾತನ್ನು ನಂಬಬೇಕು.

ಇನ್ನು ಮೂರು ಆಯಾಮದ ಸ್ಕ್ಯಾನ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಮಾಡಿದ ಯಂತ್ರದಿಂದ ಮೊದಲ ಸಲ ಒಬ್ಬ ರೋಗಿಯ ಮೆದುಳಿನ ಸಿಟಿ ತೆಗೆದರು. ಸುತ್ತಲಿನ ಎಷ್ಟೋ ದಿಕ್ಕುಗಳಿಂದ ನೆರಳು ತೆಗೆದು, ಅವನ್ನೆಲ್ಲ ಗಣಿತದಿಂದ ಜೋಡಿಸಿ, ಒಳಗೆ ಎಲ್ಲಿ ಏನಿದೆ ಅಂತ ಕಂಡುಹಿಡಿಯುವುದು. ಆ ಸಿಟಿಯಲ್ಲಿ ಕಿರಣ ಪೆನ್ಸಿಲಿನಂತೆ ತೆಳುವಾಗಿ ಬರುತ್ತಿತ್ತು. ಪದರ ಪದರವಾಗಿ ತೆಗೆಯಬೇಕಿತ್ತು. ಇಡೀ ಭಾಗವನ್ನು ಶಂಕುವಿನ ಆಕಾರದ ಕಿರಣದಿಂದ ಒಂದೇ ಸುತ್ತಿನಲ್ಲಿ ಹಿಡಿದರೆ ಆ ನೆರಳುಗಳನ್ನು ಜೋಡಿಸುವುದು ಹೇಗೆ? ಅದಕ್ಕೆ ಎಲ್ಲರೂ ಬಳಸುವ ಗಣಿತ 1984ರಲ್ಲಿ ಬಂತು. ಅದನ್ನು ಬರೆದ ಮೂವರು ಫೋರ್ಡ್ ಕಾರು ಕಂಪನಿಯ ಸಂಶೋಧಕರು! ಹಲ್ಲಿನ ಡಾಕ್ಟರುಗಳು ಕಾರು ಕಂಪನಿಗೆ ಋಣಿ ಅಂತ ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. ಮುಂದೆ ಇಟಲಿಯ ವೆರೋನಾದಲ್ಲಿ ಒಂದು ತಂಡ, ಜಪಾನಿನಲ್ಲಿ ಇನ್ನೊಂದು ತಂಡ ದವಡೆಗೆಂದೇ ಇಂಥ ಯಂತ್ರ ಮಾಡಿದವು. ಅವುಗಳ ವರದಿ ಪ್ರಕಟವಾಗಿದ್ದು 1998 ಮತ್ತು 1999ರಲ್ಲಿ. ಸಿಬಿಸಿಟಿ ಅಂದರೆ ಇದೇ.

ಯಂತ್ರದೊಳಗೆ ಆಗುವುದು ಇಷ್ಟು. ನಿಮ್ಮನ್ನು ಕೂರಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಗದ್ದಕ್ಕೆ ಆಸರೆ, ತಲೆಗೆ ಪಟ್ಟಿ. ಒಂದು ಕಡೆ ಕಿರಣದ ಟ್ಯೂಬ್, ಎದುರಿಗೆ ಅದನ್ನು ಹಿಡಿಯುವ ಫಲಕ. ಎರಡೂ ಸೇರಿ ತಲೆಯ ಸುತ್ತ ಒಂದು ಸುತ್ತು ಹಾಕುತ್ತವೆ. ಸಾಮಾನ್ಯವಾಗಿ 10ರಿಂದ 40 ಸೆಕೆಂಡು. ಅಷ್ಟರಲ್ಲಿ ನೂರಾರು ಚಿತ್ರ ಆಗಿರುತ್ತವೆ. ಕಂಪ್ಯೂಟರು ಅವನ್ನು ಸೇರಿಸಿ ದವಡೆಯನ್ನು ಪುಟ್ಟ ಪುಟ್ಟ ಘನಗಳಾಗಿ ಕಟ್ಟಿಕೊಡುತ್ತದೆ. ಒಂದೊಂದು ಘನ 0.1ರಿಂದ 0.4 ಮಿಲಿಮೀಟರ್. ಯಾವ ದಿಕ್ಕಿನಲ್ಲಿ ಬೇಕಾದರೂ ಹೋಳು ಮಾಡಿ ನೋಡಬಹುದು. ಓಪಿಜಿ, ಅಂದರೆ ಎಲ್ಲ ಹಲ್ಲೂ ಒಟ್ಟಿಗೆ ಕಾಣುವ ಉದ್ದನೆ ಎಕ್ಸ್-ರೇ, ನಿಜವಾದ ಅಳತೆಗಿಂತ ದೊಡ್ಡದಾಗಿ ತೋರಿಸುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ. ಸ್ಕ್ಯಾನಿನಲ್ಲಿ ಅಳತೆಯನ್ನು ನಂಬಬಹುದು.

ಆ ಅರ್ಧ ನಿಮಿಷ ಅಲ್ಲಾಡಬಾರದು. ಉಗುಳು ನುಂಗಲೂಬಾರದು. ಓಲೆ, ಮೂಗುತಿ, ಹೇರ್‌ಪಿನ್, ಕನ್ನಡಕ, ಹಲ್ಲಿನ ಸೆಟ್ಟು ಎಲ್ಲ ತೆಗೆದಿಡಿ ಅನ್ನುತ್ತೇವೆ. ಮೂಗುತಿ ವಿಷಯದಲ್ಲಿ ಒಂದು ಮಾತು. ನಮ್ಮ ಎಷ್ಟೋ ಅಜ್ಜಿಯರು ಮದುವೆಯಲ್ಲಿ ಹಾಕಿದ ಮೂಗುತಿ ಒಮ್ಮೆಯೂ ತೆಗೆದಿರುವುದಿಲ್ಲ. ಬಲವಂತ ಮಾಡಿದರೆ ಮೂಗಿಗೆ ಗಾಯ, ಮನಸ್ಸಿಗೂ ಬೇಜಾರು. ಕೆಳದವಡೆಯದ್ದು ಮಾತ್ರ ನೋಡಬೇಕಿದ್ದರೆ ಕಿರಣದ ಜಾಗವನ್ನು ಕೆಳಗೆ ಸೀಮಿತ ಮಾಡಿ, ಮೂಗುತಿ ಇದ್ದ ಹಾಗೇ ಸ್ಕ್ಯಾನ್ ಮಾಡಬಹುದು. ಏನು ನೋಡಬೇಕು ಅಂತ ಚೀಟಿಯಲ್ಲಿ ಇದ್ದರೆ ಇಂಥ ಅನುಕೂಲವೂ ಸಿಗುತ್ತದೆ.

ಈಗ ಉದಾಹರಣೆಗಳಿಗೆ ಬರೋಣ.

ಮೊದಲನೆಯದು ಬುದ್ಧಿ ಹಲ್ಲು. ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆ ಇದೆ. ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ಅದರಲ್ಲಿ ಹೋಗುತ್ತದೆ. ಬುದ್ಧಿ ಹಲ್ಲಿನ ಬೇರು ಕೆಲವರಲ್ಲಿ ಇದರ ಪಕ್ಕದಲ್ಲೇ ಇರುತ್ತದೆ. ಕೀಳುವಾಗ ನರಕ್ಕೆ ಪೆಟ್ಟಾದರೆ ಅರ್ಧ ತುಟಿ ಜೋಮು ಹಿಡಿಯುತ್ತದೆ. ಬಹಳ ಜನರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಕಾಫಿ ಕುಡಿದಾಗ ತುಟಿಯಿಂದ ಸುರಿದಿದ್ದು ಗೊತ್ತಾಗುವುದಿಲ್ಲ. ಕೊಳಲು ಅಥವಾ ನಾದಸ್ವರ ನುಡಿಸುವವರಿಗೆ ಹೀಗಾದರೆ ಅವರ ಬದುಕೇ ಕಷ್ಟಕ್ಕೆ ಬೀಳುತ್ತದೆ.

ಹಾಗಾದರೆ ಬುದ್ಧಿ ಹಲ್ಲು ಕೀಳಿಸುವ ಎಲ್ಲರಿಗೂ ಸ್ಕ್ಯಾನ್ ಬೇಕಾ? ಬೇಡ. ಮೊದಲು ಓಪಿಜಿ ನೋಡಬೇಕು. ಬೇರು ಮತ್ತು ಕಾಲುವೆ ದೂರ ಇದ್ದರೆ ಅಲ್ಲಿಗೆ ಮುಗಿಯಿತು. ಬೇರು ಕಾಲುವೆಯನ್ನು ದಾಟುವ ಕಡೆ ಕಪ್ಪಾಗಿ ಕಂಡರೆ, ಕಾಲುವೆಯ ಬಿಳಿ ಗೆರೆ ತುಂಡಾಗಿದ್ದರೆ, ಕಾಲುವೆ ಅಲ್ಲಿ ಇದ್ದಕ್ಕಿದ್ದಂತೆ ತಿರುಗಿದ್ದರೆ ಅಥವಾ ಕಿರಿದಾಗಿದ್ದರೆ ಆಗ ಸ್ಕ್ಯಾನಿಗೆ ಅರ್ಥ ಇದೆ. ನರ ಕೆನ್ನೆ ಕಡೆ ಇದೆಯಾ, ನಾಲಿಗೆ ಕಡೆಯಾ, ಎರಡು ಬೇರುಗಳ ನಡುವೆ ಸಿಕ್ಕಿಕೊಂಡಿದೆಯಾ ಅಂತ ಅದು ತೋರಿಸುತ್ತದೆ. ಸರ್ಜನ್ ಮೂಳೆಯನ್ನು ಯಾವ ಕಡೆಯಿಂದ ಬಿಡಿಸಬೇಕು, ಹಲ್ಲನ್ನು ಎಲ್ಲಿ ತುಂಡು ಮಾಡಬೇಕು ಅಂತ ಅದರ ಮೇಲೆ ತೀರ್ಮಾನ ಮಾಡುತ್ತಾರೆ. ತೀರಾ ಅಪಾಯ ಅನ್ನಿಸಿದರೆ ಹಲ್ಲಿನ ತಲೆ ಮಾತ್ರ ಕತ್ತರಿಸಿ ತೆಗೆದು ಬೇರನ್ನು ಅಲ್ಲೇ ಬಿಡುವ ವಿಧಾನವೂ ಇದೆ.

ನಿಮಗೆ ಇನ್ನೊಂದು ವಿಷಯವೂ ಗೊತ್ತಿರಬೇಕು. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಕ್ಯಾನ್, ಇನ್ನೊಂದಕ್ಕೆ ಬರೀ ಓಪಿಜಿ ತೆಗೆದು ಹೋಲಿಸಿದ ಅಧ್ಯಯನಗಳಿವೆ. ಸ್ಕ್ಯಾನ್ ಆದ ಗುಂಪಿನಲ್ಲಿ ಜೋಮು ಹಿಡಿದವರ ಸಂಖ್ಯೆ ಕಡಿಮೆ ಆಗಿದ್ದು ಅವುಗಳಲ್ಲಿ ಕಾಣಲಿಲ್ಲ. ಸ್ಕ್ಯಾನ್ ದಾರಿ ತೋರಿಸುತ್ತದೆ, ಕೆಲಸ ಮಾಡುವುದು ಸರ್ಜನ್ನರ ಕೈ. ಸ್ಕ್ಯಾನ್ ಮಾಡಿಸಿದರೆ ಏನೂ ಆಗುವುದಿಲ್ಲ ಅಂತ ಯಾರಾದರೂ ಭರವಸೆ ಕೊಟ್ಟರೆ ಅದನ್ನು ಒಪ್ಪಬೇಡಿ.

ಎರಡನೆಯದು ರೂಟ್ ಕೆನಾಲ್, ಅಂದರೆ ಹಲ್ಲಿನ ಬೇರಿನೊಳಗಿನ ನಾಳವನ್ನು ಶುಚಿ ಮಾಡಿ ತುಂಬುವ ಚಿಕಿತ್ಸೆ. ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಮೂರು ಬೇರಿಗೆ ಮೂರು ನಾಳ ಅಂದುಕೊಳ್ಳುತ್ತೇವೆ. ಆದರೆ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಬಹುಪಾಲು ಜನರಿಗೆ ಎರಡು ನಾಳ ಇರುತ್ತವೆ. ಆ ಎರಡನೆಯದು ಕೂದಲೆಳೆಯಷ್ಟು ಸಣ್ಣದು, ಅದರ ಬಾಯಿಯೂ ಮುಚ್ಚಿದ ಹಾಗಿರುತ್ತದೆ. ಅದು ತಪ್ಪಿಹೋದರೆ ಒಳಗೆ ಸೋಂಕು ಉಳಿಯುತ್ತದೆ. ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ ಮೇಲೂ ಕಚ್ಚಿದರೆ ನೋವು ಅಂತ ಬರುವವರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಂಥ ಹಲ್ಲಿಗೆ 5 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಸಣ್ಣ ಸ್ಕ್ಯಾನ್ ಸಾಕು. ನಾಳ ಎಲ್ಲಿದೆ ಅಂತ ಗೊತ್ತಾದರೆ ಹಲ್ಲು ಉಳಿಯುತ್ತದೆ. ಕೀಳಿಸಿಬಿಡಿ ಅಂದಿದ್ದ ಹಲ್ಲು ಉಳಿದಾಗ ಆಗುವ ಸಂತೋಷವೇ ಬೇರೆ.

ಆದರೆ ಇಲ್ಲೊಂದು ಮೋಸ ಇದೆ. ಕ್ಯಾಪಿನ ಲೋಹ, ನಾಳದೊಳಗೆ ತುಂಬಿದ ವಸ್ತು, ಇವು ಕಿರಣವನ್ನು ತಡೆದು ಸ್ಕ್ಯಾನಿನಲ್ಲಿ ಕಪ್ಪು-ಬಿಳಿ ಗೀರು ಮೂಡಿಸುತ್ತವೆ. ಆ ಕಪ್ಪು ಗೀರು ಬೇರಿನ ಮೇಲೆ ಬಿದ್ದರೆ ಥೇಟ್ ಬೇರು ಸೀಳಿದ ಹಾಗೇ ಕಾಣುತ್ತದೆ. ಬೇರು ಸೀಳಿದೆ ಅಂದರೆ ಹಲ್ಲು ಕೀಳಬೇಕು. ಹಾಗಾಗಿ ಸ್ಕ್ಯಾನಿನ ಒಂದು ಗೀರು ನೋಡಿ ಅವಸರ ಮಾಡಬಾರದು. ವಸಡಿನಲ್ಲಿ ಒಂದೇ ಕಡೆ ಆಳವಾದ ಸಂದು ಇದೆಯಾ, ಬೇರಿನ ಉದ್ದಕ್ಕೂ ಮೂಳೆ ಕರಗಿದೆಯಾ ಅಂತ ನೋಡಬೇಕು. ಅಮೆರಿಕದ ರೂಟ್ ಕೆನಾಲ್ ತಜ್ಞರ ಸಂಘ ಮತ್ತು ಬಾಯಿ-ದವಡೆ ರೇಡಿಯಾಲಜಿ ತಜ್ಞರ ಸಂಘ ಸೇರಿ 2015ರಲ್ಲಿ ಪರಿಷ್ಕರಿಸಿದ ಹೇಳಿಕೆಯಲ್ಲೂ ಸಿಬಿಸಿಟಿಯನ್ನು ವಾಡಿಕೆಯಂತೆ ಎಲ್ಲರಿಗೂ ಮಾಡಬಾರದು ಅಂತಲೇ ಇದೆ.

ಮೂರನೆಯದು ನನಗೆ ತುಂಬಾ ಮುಖ್ಯ ಅನ್ನಿಸುವ ಉದಾಹರಣೆ. ಒಬ್ಬ ಮೇಷ್ಟ್ರು ಬಂದಿದ್ದರು. ಬಲಗಡೆ ಮೂಗಿನಿಂದ ಮಾತ್ರ ಸುರಿಯುತ್ತಿತ್ತು, ಕೆಟ್ಟ ವಾಸನೆ. ಸೈನಸ್ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು. ನುಂಗಿದಾಗ ಕಡಿಮೆ, ಬಿಟ್ಟರೆ ಮತ್ತೆ ಶುರು. ತರಗತಿಯಲ್ಲಿ ಮಕ್ಕಳ ಹತ್ತಿರ ನಿಂತು ಮಾತಾಡಲು ಸಂಕೋಚ ಅಂದರು. ಸೈನಸ್ ಅಂದರೆ ಕೆನ್ನೆಯ ಮೂಳೆಯೊಳಗಿನ ಗಾಳಿ ತುಂಬಿದ ಜಾಗ. ಮೇಲಿನ ದವಡೆ ಹಲ್ಲಿನ ಬೇರುಗಳಿಗೂ ಸೈನಸ್ಸಿನ ನೆಲಕ್ಕೂ ನಡುವೆ ಇರುವುದು ತೆಳುವಾದ ಮೂಳೆ. ಕೆಲವರಲ್ಲಿ ಅದೂ ಇರುವುದಿಲ್ಲ. ಅವರ ಸ್ಕ್ಯಾನಿನಲ್ಲಿ ಒಂದು ಹಲ್ಲಿನ ಬೇರಿನ ತುದಿಯಲ್ಲಿ ಮೂಳೆ ಕರಗಿ ನೇರವಾಗಿ ಸೈನಸ್ಸಿಗೆ ದಾರಿಯಾಗಿತ್ತು. ಹಲ್ಲಿನಲ್ಲಿ ನೋವೇ ಇರಲಿಲ್ಲ, ಯಾಕೆಂದರೆ ಅದರ ನರ ಎಂದೋ ಸತ್ತಿತ್ತು. ಆ ಹಲ್ಲಿಗೆ ಚಿಕಿತ್ಸೆ ಆದ ಮೇಲೆ ಮೂಗು ಸರಿಹೋಯಿತು. ಸೈನಸ್ ತೊಂದರೆ ಒಂದೇ ಕಡೆ ಇದ್ದು, ವಾಸನೆ ಇದ್ದು, ಔಷಧಿಗೆ ಬಗ್ಗದಿದ್ದರೆ ಮೇಲಿನ ಹಲ್ಲುಗಳನ್ನು ಒಮ್ಮೆ ತೋರಿಸಿ. ಕಿವಿ-ಮೂಗು-ಗಂಟಲಿನ ಡಾಕ್ಟರು ಮತ್ತು ಹಲ್ಲಿನ ಡಾಕ್ಟರು ಒಬ್ಬರಿಗೊಬ್ಬರು ಮಾತಾಡಬೇಕಾದ ಜಾಗ ಇದು.

ನಾಲ್ಕನೆಯದು ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ಮೂಳೆಯೊಳಗೆ ಕೂರಿಸುವ ಕೃತಕ ಬೇರು. ಅತಿ ಹೆಚ್ಚು ಸ್ಕ್ಯಾನ್ ಆಗುವುದು ಇದಕ್ಕೇ. ಸ್ವೀಡನ್ನಿನಲ್ಲಿ ಬ್ರೋನೆಮಾರ್ಕ್ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. ಆಗ ಸಿಟಿಯೇ ಇರಲಿಲ್ಲ. ಹಾಗಾದರೆ ಈಗ ಯಾಕೆ ಬೇಕು? ಎಕ್ಸ್-ರೇ ಮೂಳೆಯ ಎತ್ತರ ಹೇಳುತ್ತದೆ, ದಪ್ಪ ಹೇಳುವುದಿಲ್ಲ. ಹಲ್ಲು ಕಿತ್ತ ಮೇಲೆ ಮೊದಲ ವರ್ಷದಲ್ಲೇ ಮೂಳೆಯ ದಪ್ಪ ಅರ್ಧದಷ್ಟು ಕಡಿಮೆಯಾಗಬಹುದು. ಎತ್ತರ ಚೆನ್ನಾಗಿದ್ದು ದಪ್ಪ ಇಲ್ಲದಿದ್ದರೆ ಇಂಪ್ಲಾಂಟ್ ಹೊರಗೆ ಇಣುಕುತ್ತದೆ. ಕೆಳದವಡೆಯಲ್ಲಿ ನಾಲಿಗೆ ಕಡೆ ಮೂಳೆ ಒಳಕ್ಕೆ ತಗ್ಗಾಗಿರುತ್ತದೆ. ಅದು ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಡ್ರಿಲ್ ಅಲ್ಲಿ ತೂತು ಮಾಡಿಕೊಂಡು ಹೊರಗೆ ಹೋಗಿ ನಾಲಿಗೆಯ ಕೆಳಗಿನ ರಕ್ತನಾಳಕ್ಕೆ ತಗುಲಿದರೆ ಬಾಯಿಯ ತಳ ಊದಿ ಉಸಿರಿಗೇ ಅಡ್ಡ ಬರಬಹುದು. ಅಪರೂಪ, ಆದರೆ ಜೀವಕ್ಕೆ ಅಪಾಯ. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಕೆಳಗಿಳಿದಿದೆಯಾ, ಅಲ್ಲಿ ಮೂಳೆ ತುಂಬಬೇಕಾ ಅಂತಲೂ ಮೊದಲೇ ತಿಳಿಯಬೇಕು.

ಇವತ್ತು ಈ ಸ್ಕ್ಯಾನ್ ಜೊತೆಗೆ ಬಾಯಿಯೊಳಗಿನ ಕ್ಯಾಮೆರಾ ಸ್ಕ್ಯಾನನ್ನೂ ಸೇರಿಸುತ್ತಾರೆ. ಅದರಲ್ಲಿ ಎಕ್ಸ್-ರೇ ಇಲ್ಲ, ಬರೀ ಬೆಳಕು. ಒಂದು ಮೂಳೆ ತೋರಿಸುತ್ತದೆ, ಇನ್ನೊಂದು ಹಲ್ಲು ಮತ್ತು ವಸಡಿನ ಮೇಲ್ಮೈ ತೋರಿಸುತ್ತದೆ. ಮುಂದೆ ಬರುವ ಹಲ್ಲನ್ನು ಮೊದಲು ಪರದೆಯ ಮೇಲೆ ಇಟ್ಟು, ಅದಕ್ಕೆ ಸರಿಯಾಗಿ ಇಂಪ್ಲಾಂಟಿನ ಜಾಗ ಗೊತ್ತು ಮಾಡುತ್ತಾರೆ. ನಂತರ ತ್ರೀ-ಡಿ ಪ್ರಿಂಟರಿನಲ್ಲಿ ಒಂದು ಅಚ್ಚು ಮಾಡಿ, ಅದರ ತೂತಿನ ಮೂಲಕವೇ ಡ್ರಿಲ್ ಮಾಡುತ್ತಾರೆ. ಒಳ್ಳೆಯ ವಿಧಾನ. ಆದರೂ ಸುಮಾರು ಒಂದು ಮಿಲಿಮೀಟರ್, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಆಚೀಚೆ ಆಗುತ್ತದೆ. ಅದಕ್ಕೇ ನರದಿಂದ ಕನಿಷ್ಠ 2 ಮಿಲಿಮೀಟರ್ ದೂರ ಬಿಡುವ ನಿಯಮವನ್ನು ಅಚ್ಚು ಇದ್ದರೂ ಮುರಿಯಬಾರದು.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ, ರೇಡಿಯೇಶನ್. ಅಳತೆ ಮೈಕ್ರೋಸೀವರ್ಟ್‌ನಲ್ಲಿ. ನೆಲ, ಗಾಳಿ, ಆಕಾಶದಿಂದ ಸುಮ್ನೆ ಬದುಕಿದ್ದರೂ ಒಬ್ಬರಿಗೆ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ ಸುಮಾರು 2400 ಬೀಳುತ್ತದೆ. ಒಂದು ಹಲ್ಲಿನ ಸಣ್ಣ ಎಕ್ಸ್-ರೇ 10ಕ್ಕಿಂತ ಕಡಿಮೆ. ಓಪಿಜಿ ಸುಮಾರು 10ರಿಂದ 25. ಸಿಬಿಸಿಟಿಗೆ ಒಂದೇ ಸಂಖ್ಯೆ ಹೇಳಲಾಗುವುದಿಲ್ಲ. ಯಂತ್ರ, ಜಾಗ, ಸೂಕ್ಷ್ಮತೆ ನೋಡಿಕೊಂಡು ಕೆಲವು ಹತ್ತುಗಳಿಂದ ಹಲವು ನೂರರ ತನಕ ಹೋಗುತ್ತದೆ. ಒಂದೇ ಯಂತ್ರದಲ್ಲಿ ಒಬ್ಬರಿಗೆ ಇನ್ನೊಬ್ಬರ ಹತ್ತು ಪಟ್ಟು ಬೀಳಬಹುದು. ಚೀಟಿಯಲ್ಲಿ ಪ್ರಶ್ನೆ ಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಹೆದರಿಕೊಂಡು ಬೇಕಾದ ಸ್ಕ್ಯಾನ್ ಬಿಡಬೇಡಿ. ಇರಲಿ ಅಂತ ಬೇಡದ್ದು ಮಾಡಿಸಲೂಬೇಡಿ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಬೆಳೆಯುವ ದೇಹಕ್ಕೆ ಕಿರಣದ ಅಪಾಯ ಜಾಸ್ತಿ, ಥೈರಾಯ್ಡ್ ಗ್ರಂಥಿ ದವಡೆಗೆ ಹತ್ತಿರ ಇರುತ್ತದೆ. ಮೇಲಿನ ಕೋರೆ ಹಲ್ಲು 11-12 ವರ್ಷಕ್ಕೆ ಬರಬೇಕು. ಹತ್ತು ವರ್ಷದ ಹೊತ್ತಿಗೆ ವಸಡಿನ ಮೇಲೆ ಬೆರಳಾಡಿಸಿದರೆ ಅದರ ಉಬ್ಬು ಸಿಗುತ್ತದೆ. ಸಿಗದಿದ್ದರೆ ಎರಡು ಕೋನದಿಂದ ಎರಡು ಸಣ್ಣ ಎಕ್ಸ್-ರೇ ತೆಗೆದರೆ ಹಲ್ಲು ಅಂಗುಳಿನ ಕಡೆ ಇದೆಯೋ ತುಟಿಯ ಕಡೆ ಇದೆಯೋ ಗೊತ್ತಾಗುತ್ತದೆ. ಇದು ನೂರು ವರ್ಷಕ್ಕೂ ಹಳೆಯ ಉಪಾಯ, ಇವತ್ತಿಗೂ ನಡೆಯುತ್ತದೆ. ಆ ಹಲ್ಲು ಪಕ್ಕದ ಬಾಚಿ ಹಲ್ಲಿನ ಬೇರನ್ನು ತಿನ್ನುತ್ತಿದೆ ಅಂತ ಅನುಮಾನ ಬಂದರೆ ಆಗ ಸಣ್ಣ ಸ್ಕ್ಯಾನ್. ಕ್ಲಿಪ್ ಹಾಕಿಸುವ ಪ್ರತಿ ಮಗುವಿಗೂ ಇಡೀ ತಲೆಯ ಸ್ಕ್ಯಾನ್ ಬೇಕಿಲ್ಲ.

ಸ್ಕ್ಯಾನಿಗೆ ಏನು ಕಾಣುವುದಿಲ್ಲ? ಶುರುವಾಗುತ್ತಿರುವ ಹುಳುಕಿಗೆ ಮಾಮೂಲಿ ಎಕ್ಸ್-ರೇಯೇ ಒಳ್ಳೆಯದು. ಇನ್ನೊಂದು ಇದಕ್ಕಿಂತ ದೊಡ್ಡದು. ಸಿಬಿಸಿಟಿ ಮೂಳೆ ತೋರಿಸುತ್ತದೆ, ಮೆತ್ತನೆ ಭಾಗವನ್ನು ತೋರಿಸುವುದು ಬಹಳ ಕಡಿಮೆ. ಅಡಿಕೆ, ತಂಬಾಕು, ಗುಟ್ಕಾ ಹಾಕುವ ನಮ್ಮ ಜನರ ಕೆನ್ನೆಯೊಳಗೆ ಬರುವ ಬಿಳಿ ಮಚ್ಚೆ, ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಇದರಲ್ಲಿ ಕಾಣುವುದಿಲ್ಲ. ಬಾಯಿ ದಿನದಿನಕ್ಕೆ ಕಡಿಮೆ ತೆರೆಯುವುದಕ್ಕೆ ಕಾರಣವಾಗುವ ಅಡಿಕೆಯ ಬಿಗಿತವೂ ಕಾಣುವುದಿಲ್ಲ. ದುಬಾರಿ ಸ್ಕ್ಯಾನ್ ಮಾಡಿಸಿದ್ದೇನೆ, ಎಲ್ಲ ಸರಿ ಇದೆ ಅಂತ ಸಮಾಧಾನದಿಂದ ಇರುವವರ ಕೆನ್ನೆಯಲ್ಲಿ ಮಚ್ಚೆ ಇರಬಹುದು. ಒಂದು ಟಾರ್ಚು, ಕೈಗೆ ಗ್ಲೌಸು, ಐದು ನಿಮಿಷ ಗಮನ ಇದ್ದರೆ ಅದು ಸಿಗುತ್ತದೆ. ಎರಡು ವಾರದಲ್ಲಿ ವಾಸಿಯಾಗದ ಯಾವುದೇ ಹುಣ್ಣನ್ನು ತೋರಿಸಿ. ದಯವಿಟ್ಟು ಮನೆಗೆ ಹೋಗಿ ಇದನ್ನು ನಾಲ್ಕು ಜನಕ್ಕೆ ಹೇಳಿ.

ಇನ್ನು ನೀವು ಕೇಳಬೇಕಾದ್ದು. ಸ್ಕ್ಯಾನಿನಿಂದ ಏನು ತಿಳಿಯಬೇಕು, ತಿಳಿದರೆ ಚಿಕಿತ್ಸೆ ಬದಲಾಗುತ್ತದಾ ಅಂತ ಕೇಳಿ. ಯಂತ್ರಕ್ಕೆ ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಅದನ್ನೂ ಕೇಳಬಹುದು. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ವರದಿ ಯಾರು ಬರೆಯುತ್ತಾರೆ ಅಂತ ಕೇಳಿ, ಯಾಕೆಂದರೆ ಕೇಳಿದ ಹಲ್ಲು ಮಾತ್ರ ನೋಡಿ ಉಳಿದಿದ್ದನ್ನು ಬಿಟ್ಟರೆ ಆಗದು. ಅದೇ ಸ್ಕ್ಯಾನಿನ ಅಂಚಿನಲ್ಲಿ ಒಂದು ಚೀಲಗಡ್ಡೆಯೋ, ಕತ್ತಿನ ರಕ್ತನಾಳದಲ್ಲಿ ಸುಣ್ಣ ಕಟ್ಟಿದ್ದೋ ಇರಬಹುದು. ಕೊನೆಗೆ, ಪ್ರಿಂಟ್ ಮಾಡಿದ ಹಾಳೆ ತೆಗೆದುಕೊಂಡು ಸುಮ್ನೆ ಬರಬೇಡಿ. ಅದು ಯಾರೋ ಆರಿಸಿದ ನಾಲ್ಕು ಹೋಳು. ಡೈಕಾಮ್ ಫೈಲನ್ನು, ಅಂದರೆ ಇಡೀ ಸ್ಕ್ಯಾನ್ ಇರುವ ಕಂಪ್ಯೂಟರ್ ಫೈಲನ್ನು, ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆಯಿರಿ. ಡಾಕ್ಟರು ಬದಲಾದರೂ, ಊರು ಬದಲಾದರೂ ಅದನ್ನೇ ತೋರಿಸಬಹುದು, ಮತ್ತೆ ಕಿರಣ ಬೇಡ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಇಂಪ್ಲಾಂಟ್ ಹಾಕಿಸಿದ ಮೇಲೆ ವರ್ಷ ವರ್ಷ ಸ್ಕ್ಯಾನ್ ಬೇಕಾ ಅಂತ. ಬೇಡ. ಒಂದು ಸಣ್ಣ ಎಕ್ಸ್-ರೇ ಸಾಕು. ಇಂಪ್ಲಾಂಟಿನ ಸುತ್ತ ಸ್ಕ್ಯಾನಿನಲ್ಲಿ ಗೀರು ಬರುವುದರಿಂದ ಮೂಳೆಯ ಅಂಚನ್ನು ಆ ಸಣ್ಣ ಎಕ್ಸ್-ರೇಯೇ ಚೆನ್ನಾಗಿ ತೋರಿಸುತ್ತದೆ. ಒಂದು ಸಂದರ್ಭ ಮಾತ್ರ ಬೇರೆ. ಕೆಳದವಡೆಗೆ ಇಂಪ್ಲಾಂಟ್ ಹಾಕಿದ ಮೇಲೆ, ಮರಗಟ್ಟಿಸಿದ ಇಂಜೆಕ್ಷನ್ ಇಳಿಯುವಷ್ಟು ಹೊತ್ತು ಕಳೆದರೂ ತುಟಿ ಜೋಮು ಹಾಗೇ ಇದ್ದರೆ ಕಾಯಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಸ್ಕ್ಯಾನ್ ಮಾಡಿಸಿ. ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಅದನ್ನು ಎಷ್ಟು ಬೇಗ ತೆಗೆದರೆ ತುಟಿಯ ಸ್ಪರ್ಶ ಮರಳುವ ಅವಕಾಶ ಅಷ್ಟು ಜಾಸ್ತಿ.